ಕಿತ್ತ ಮರಿಗಳ ಲೆಕ್ಕ

ಜುಲೈ ೮, ಮಂಗಳವಾರ

ಹುಣಸೂರಿನ ಆತಿಕಾ ಮೇಡಂ ಇವತ್ತು ಎರಡು ಪುಸ್ತಕ ಕೊಟ್ಟು ಹೋದರು. ನೀಲಿ ರಟ್ಟಿನದು ಹುಳ ಎಣಿಸಿ ಬರೆಯುವುದಕ್ಕೆ. ಇನ್ನೊಂದು, ಮೊದಲನೆಯದು ನೆಂದು ಹಾಳಾದರೆ ಇರಲಿ ಎಂದು. ನಾನು ಪುಸ್ತಕ ನೆನೆಸುವವಳಲ್ಲ, ಹಾಗಾಗಿ ಎರಡನೆಯದು ನನ್ನದೇ ಆಯಿತು. ಎಸ್ಸೆಸ್ಸೆಲ್ಸಿ ಮುಗಿಸಿ ಮೂವತ್ತು ವರ್ಷದ ಮೇಲೆ ನನಗೆಂದೇ ಒಂದು ಪುಸ್ತಕ ಸಿಕ್ಕಿದೆ. ಮನಸ್ಸಿಗೆ ಬಂದದ್ದೆಲ್ಲ ಇದರಲ್ಲಿ ಬರೆಯುತ್ತೇನೆ. ನಮ್ಮ ಯಜಮಾನರು ರಾವಂದೂರು ಬಸ್ಸಿನ ಬೋರ್ಡು ಬಿಟ್ಟು ಬೇರೇನೂ ಓದುವವರಲ್ಲ, ಆದ್ದರಿಂದ ಭಯವಿಲ್ಲ.

ವಿಷಯ ಇಷ್ಟು. ಬದನೆ ಎಲೆಯನ್ನು ಕೆರೆದು ಕೆರೆದು ಜರಡಿ ಮಾಡಿಬಿಡುವ ಚುಕ್ಕೆ ದುಂಬಿಗೆ ಒಂದು ಹೊಸ ಔಷಧಿ ಬಂದಿದೆ, ಇನ್ನೂ ಪರೀಕ್ಷೆಯಲ್ಲಿದೆ. ಆತಿಕಾ ಮೇಡಂ ಮೈಸೂರಿನಲ್ಲಿ ಅದರ ಮೇಲೆಯೇ ಡಾಕ್ಟರೇಟ್ ಓದುತ್ತಿದ್ದಾರೆ. ಅವರಿಗೆ ಪ್ರತಿ ಊರಿನಲ್ಲೂ ಅಕ್ಕಪಕ್ಕದ ಎರಡು ತಾಕು ಬೇಕು. ಒಂದಕ್ಕೆ ಔಷಧಿ, ಇನ್ನೊಂದಕ್ಕೆ ಬರೀ ನೀರು. ಕೆರೆ ಕೆಳಗಿನ ನಮ್ಮ ಹೊಲ ಪಾಲಾಗಿ ಮೂರು ವರ್ಷವಾಯಿತು. ಬದುವಿನ ಈಚೆ ನಾನು, ಆಚೆ ನನ್ನ ಓರಗಿತ್ತಿ. ಗಂಡಸರಿಗೆ ಹೊಗೆಸೊಪ್ಪೇ ಪ್ರಪಂಚ, ಬದನೆ ನಮ್ಮ ಹೆಂಗಸರ ಕೈಯದು.

ಓರಗಿತ್ತಿ ಎಂದರೆ ಸ್ಪಂದನಾ, ಮೈದುನ ಗೌರೀಶನ ಹೆಂಡತಿ. ಇಪ್ಪತ್ತೆಂಟು ವರ್ಷ, ಡಿಗ್ರಿ ಆಗಿದೆ. ಈ ಮನೆಗೆ ಬಂದಾಗ ಒಲೆ ಹಚ್ಚಲು ಬರುತ್ತಿರಲಿಲ್ಲ. ಮನೆ ಮಧ್ಯೆ ಗೋಡೆ ಎದ್ದ ದಿನ ಅತ್ತೆ ಪುಟ್ಟತಾಯಮ್ಮ ತಮ್ಮ ತಟ್ಟೆ ಲೋಟ ಎತ್ತಿಕೊಂಡು ಅವಳ ಕಡೆ ಹೊರಟುಹೋದರು. ಇಪ್ಪತ್ತೆರಡು ವರ್ಷ ನನ್ನ ಕೈಯಡುಗೆ ಉಂಡವರು. ನಾನು ಯಾಕೆ ಎಂದು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆತಿಕಾ ಮೇಡಂ ನನ್ನನ್ನು ‘ಅಮ್ಮ’ ಎಂದರು, ಅವಳನ್ನು ‘ಸ್ಪಂದನಾ’ ಎಂದರು. ಇಬ್ಬರೂ ಒಂದೇ ವಯಸ್ಸಿನವರು, ಏನೋ ಹೇಳಿಕೊಂಡು ನಕ್ಕರು. ಎಲೆ ತಿರುವಿ ಮೊಟ್ಟೆ ನೋಡಿ ಇದು ಇಂಥ ಹುಳ ಎಂದು ಹೇಳುವವಳು ಈ ಊರಿನಲ್ಲಿ ನಾನೊಬ್ಬಳೇ. ಅದನ್ನು ಯಾರೂ ಅವರಿಗೆ ಹೇಳಿದಂತಿಲ್ಲ.

ಜುಲೈ ೧೫, ಮಂಗಳವಾರ

ಮೊದಲ ಸಿಂಪಡಣೆ ಆಯಿತು. ಬಿಸಿಲಿಗೆ ಔಷಧಿ ಕೆಡುತ್ತದೆ ಎಂದು ಸಂಜೆ ಇಳಿ ಹೊತ್ತಿನಲ್ಲಿ ಹೊಡೆದರು.

ಎರಡು ಕ್ಯಾನು ತಂದಿದ್ದರು, ಒಂದಕ್ಕೆ ಕೆಂಪು ಮುಚ್ಚಳ, ಒಂದಕ್ಕೆ ಹಳದಿ. ಯಾರಿಗೆ ಯಾವುದು ಎಂದು ಚೀಟಿ ಎತ್ತಬೇಕಿತ್ತು. ಹಿರಿಯಳು ನಾನು, ಕೈ ಮುಂದೆ ಮಾಡಿದ್ದೆ. ಅಷ್ಟರಲ್ಲಿ ಅತ್ತೆ ಬಾಯಿ ಹಾಕಿದರು.

“ಸ್ಪಂದನಾ, ನೀನ್ ಎತ್ತವ್ವ. ನಿನ್ ಕೈ ಒಳ್ಳೇದು.”

ಅವಳಿಗೆ ಹಳದಿ ಬಂತು. ನನಗೆ ಉಳಿದದ್ದು ಕೆಂಪು. ನನ್ನ ಕೈ ಯಾವಾಗ ಕೆಟ್ಟಿತೋ ನನಗೆ ಗೊತ್ತಿಲ್ಲ.

ಈ ಔಷಧಿ ಹುಳವನ್ನು ಹೇಗೆ ಕೊಲ್ಲುತ್ತದೆ ಎಂದು ನಾನು ಕೇಳಿದೆ. ಆತಿಕಾ ಮೇಡಂ ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ಹೇಳಿದರು.

“ಹುಳ ಬೆಳೀಬೇಕು ಅಂದ್ರೆ ಅದರ ಮೈಯೊಳಗೆ ಚೀಟಿ ಓಡಾಡ್ತಿರುತ್ತೆ ಅಮ್ಮ, ಇದು ಮಾಡು, ಅದು ಮಾಡು ಅಂತ. ಅದಕ್ಕೆ ಆರ್‌ಎನ್‌ಎ ಅಂತಾರೆ. ನಾವು ಅದರಲ್ಲಿ ಒಂದು ಚೀಟಿನ ನಕಲು ಮಾಡಿ, ಜೋಡಿ ಎಳೆ ಹೆಣೆದು ಎಲೆ ಮೇಲೆ ಹೊಡೀತೀವಿ. ಎಲೆ ಜೊತೆ ಅದು ಹೊಟ್ಟೆಗೆ ಹೋದ್ರೆ, ಇದ್ಯಾವುದೋ ಶತ್ರು ಅಂತ ಹುಳದ ಮೈ ಅದನ್ನ ತುಂಡು ಮಾಡುತ್ತೆ. ಆ ಕೋಪದಲ್ಲಿ ತನ್ನ ಸ್ವಂತ ಚೀಟಿನೂ ತುಂಡು ಮಾಡ್ಕೊಳ್ಳುತ್ತೆ. ಆಮೇಲೆ ಮೇವು ಬಿಡುತ್ತೆ, ಪೊರೆ ಬಿಡೋಕಾಗಲ್ಲ, ನಿಧಾನಕ್ಕೆ ಸಾಯುತ್ತೆ.”

“ಜೇನಿಗೆ?”

“ಜೇನಿನ ಚೀಟಿನೇ ಬೇರೆ. ಅದಕ್ಕೇನೂ ಆಗಬಾರದು. ಈ ಚುಕ್ಕೆ ದುಂಬಿಗೆ ಮಾತ್ರ.”

ನನಗೆ ಇದು ಬಹಳ ಹಿಡಿಸಿತು. ಯಾವ ಮುಚ್ಚಳದ್ದು ಔಷಧಿ ಎಂದೂ ಕೇಳಿದೆ. ನನಗೂ ಗೊತ್ತಿಲ್ಲ ಎಂದರು. ಮೈಸೂರಿನಲ್ಲಿ ಅವರ ಸರ್ ಹತ್ತಿರ ಲಕೋಟೆಯಲ್ಲಿ ಬರೆದಿಟ್ಟಿದೆಯಂತೆ. ಗೊತ್ತಿದ್ದರೆ ಎಣಿಸುವ ಕಣ್ಣು ಮೋಸ ಮಾಡುತ್ತದಂತೆ.

ನಲವತ್ತೈದು ದಿನ ಬೇರೆ ಯಾವ ಔಷಧಿಯನ್ನೂ ಹೊಡೆಯಬಾರದು. ಕಾಯಿ ತಿನ್ನಬಾರದು, ಮಾರಬಾರದು, ಕೊನೆಗೆ ಗಿಡದ ಸಮೇತ ಗುಂಡಿ ತೋಡಿ ಹೂಳಬೇಕು. ಒಂದೊಂದು ತಾಕಿನಲ್ಲೂ ಇಪ್ಪತ್ತು ಗಿಡದ ಪಕ್ಕ ಗೂಟ ನೆಟ್ಟಿದ್ದಾರೆ. ಹುಣಸೂರಿನಲ್ಲಿ ಮರಗೆಲಸ ಮಾಡುವ ಅವರ ತಂದೆ ಅಬ್ದುಲ್ ಅಜೀಜ್ ಅವರೇ ಕೆತ್ತಿಕೊಟ್ಟದ್ದಂತೆ, ಒಂದೊಂದೂ ನುಣ್ಣಗಿದೆ. ಆ ಇಪ್ಪತ್ತು ಗಿಡದಲ್ಲಿ ದಿನಾ ಬೆಳಿಗ್ಗೆ ಮರಿಹುಳ ಎಣಿಸಿ ನೀಲಿ ಬುಕ್ಕಿನಲ್ಲಿ ಬರೆಯಬೇಕು.

ಮುಂದಿನ ಸಲಕ್ಕೆಂದು ತಂದ ಕ್ಯಾನುಗಳನ್ನು ಸ್ಪಂದನಾಳ ಫ್ರಿಜ್ಜಿನಲ್ಲಿ ಇಟ್ಟರು. ನಮ್ಮ ಫ್ರಿಜ್ಜು ಕೆಟ್ಟು ಒಂದು ವರ್ಷವಾಗಿದೆ, ಅದರಲ್ಲಿ ನಾನು ಹುರುಳಿ ತುಂಬಿಟ್ಟಿದ್ದೇನೆ.

ಜುಲೈ ೧೮, ಶುಕ್ರವಾರ

ನನ್ನದು ೭೧. ಅವಳದು ೬೯ ಅಂತೆ. ಕೇಳಿದ್ದಕ್ಕೆ ಹೇಳಿದಳು, ಬುಕ್ಕು ತೋರಿಸಲಿಲ್ಲ. ನಾನು ತೋರಿಸು ಅನ್ನಲೂ ಇಲ್ಲ.

ಜುಲೈ ೨೧, ಸೋಮವಾರ

ಬರೆಯಬಾರದು, ಆದರೂ ಬರೆಯುತ್ತೇನೆ. ಸ್ಪಂದನಾ ಪಿರಿಯಾಪಟ್ಟಣಕ್ಕೆ ಹೋಗಿದ್ದಳು. ನಾನು ಬದು ದಾಟಿ ಅವಳ ತಾಕಿಗೆ ಇಳಿದೆ.

ನನ್ನ ಗಿಡದಲ್ಲಿ ಮರಿಗಳು ದಪ್ಪಗೆ, ಹಳದಿ ಮೈ ತುಂಬ ಮುಳ್ಳು ಎಬ್ಬಿಸಿಕೊಂಡು ಒಂದೇ ಸಮನೆ ಕೆರೆಯುತ್ತಿವೆ. ಅವಳ ಗಿಡದಲ್ಲೂ ಮರಿಗಳಿವೆ, ಸುಮಾರು ಅಷ್ಟೇ ಇವೆ, ಆದರೆ ಸಣ್ಣವು. ಐದನೆಯ ಗೂಟದ ಗಿಡದಲ್ಲಿ ಒಂದು ಎಲೆ ತಿರುವಿ ನೋಡಿದೆ. ಏಳು ಮರಿ, ಒಂದೂ ತಿನ್ನುತ್ತಿಲ್ಲ. ಹುಲ್ಲುಕಡ್ಡಿಯಿಂದ ಮುಟ್ಟಿದರೆ ತಲೆ ಆಡಿಸುತ್ತವೆ, ಅಷ್ಟೇ. ಎರಡು ಮರಿಗಳ ಹಳೇ ಪೊರೆ ಬಾಲದ ಹತ್ತಿರ ಅರ್ಧಕ್ಕೆ ಸಿಕ್ಕಿಕೊಂಡು ನಿಂತಿದೆ. ಇಷ್ಟು ವರ್ಷ ಹುಳ ನೋಡಿದ್ದೇನೆ, ಇಂಥದ್ದು ನೋಡಿಲ್ಲ.

ಲಕೋಟೆ ಬೇಕಿಲ್ಲ. ಔಷಧಿ ಅವಳದು, ನೀರು ನನ್ನದು.

ಬದುವಿನ ಮೇಲೆ ಕೂತು ಸ್ವಲ್ಪ ಹೊತ್ತು ಕಣ್ಣೀರು ಹಾಕಿದೆ. ಯಾಕೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಅತ್ತೆ ಅವಳ ಕಡೆ, ಫ್ರಿಜ್ಜು ಅವಳ ಕಡೆ, ನಗು ಅವಳ ಕಡೆ. ಈಗ ಇದೂ.

ಜುಲೈ ೨೨, ಮಂಗಳವಾರ

ಆತಿಕಾ ಮೇಡಂ ಇವತ್ತು ಹೇಳಿದ ಮಾತು ಹಾಗೇ ಬರೆದಿಡುತ್ತೇನೆ.

“ಈ ವರ್ಷದ ಫಲಿತಾಂಶ ಚೆನ್ನಾಗಿ ಬಂದ್ರೆ ಮುಂದಿನ ವರ್ಷ ನಾಲ್ಕು ತಾಲ್ಲೂಕಲ್ಲೂ ದೊಡ್ಡದಾಗಿ ಮಾಡ್ತೀವಿ. ಊರೂರಿಗೆ ಹೋಗಿ ಹೆಂಗಸರಿಗೆ ಎಣಿಸೋದು ಹೇಳ್ಕೊಡೋಕೆ ಒಬ್ರು ಬೇಕು. ನಿಮ್ಮಿಬ್ಬರಲ್ಲಿ ಒಬ್ರನ್ನ ತಗೋಬೇಕು ಅಂತ ಸರ್ ಹೇಳಿದಾರೆ.”

ಒಬ್ಬರು. ನಾನು ಮನೆಗೆ ಬಂದು ಮುದ್ದೆ ತಿರುವುತ್ತಾ ಅದನ್ನೇ ಯೋಚಿಸಿದೆ. ಬೆಳಿಗ್ಗೆ ಬಸ್ಸು ಹತ್ತಿ ಒಂದು ದಿನ ಅಂತರಸಂತೆಗೆ, ಒಂದು ದಿನ ಕೆ.ಆರ್. ನಗರಕ್ಕೆ. ಮಗಳು ಚಿನ್ನುವನ್ನು ಕೊಟ್ಟಿರುವುದು ಅಲ್ಲಿಗೇ, ಮಧ್ಯಾಹ್ನ ಅವಳ ಮನೆಯಲ್ಲಿ ಊಟ. ಕೊರಳಿಗೆ ಫೋಟೋ ಇರುವ ಕಾರ್ಡು, ಅದರಲ್ಲಿ ಸುನಂದಮ್ಮ ಎಂದು ಹೆಸರು. ನೀಲಕಂಠಸ್ವಾಮಿಯವರ ಹೆಂಡತಿ ಎಂದಲ್ಲ, ಪುಟ್ಟತಾಯಮ್ಮನ ದೊಡ್ಡ ಸೊಸೆ ಎಂದಲ್ಲ. ಎಲೆ ತಿರುವಿ ತೋರಿಸುತ್ತೇನೆ, ಹೆಂಗಸರು ಸುತ್ತ ನಿಂತು ನೋಡುತ್ತಾರೆ.

ಹಸಿರು ತಾಕಿನವಳನ್ನು ತಗೊಳ್ಳುತ್ತಾರೋ, ಜರಡಿ ಎಲೆಯವಳನ್ನು ತಗೊಳ್ಳುತ್ತಾರೋ? ಕೇಳುವುದೇ ಬೇಡ.

ಜುಲೈ ೨೩, ಬುಧವಾರ

ನಮ್ಮವ್ವ ಔಷಧಿ ಕಂಡವಳಲ್ಲ. ಇಬ್ಬನಿ ಆರುವ ಮೊದಲು ದುಂಬಿ ಹಾರುವುದಿಲ್ಲ, ಆ ಹೊತ್ತಿಗೆ ಸೋಪಿನ ನೀರಿನ ಚೊಂಬು ಹಿಡಿದು ಹೊಲಕ್ಕೆ ಹೋಗುತ್ತಿದ್ದಳು. ಎಲೆ ತಿರುವುವುದು, ಬೆರಳಿನಿಂದ ಮರಿ ಕಿತ್ತು ಚೊಂಬಿಗೆ ಹಾಕುವುದು. ನನಗೂ ಅದೇ ಕಲಿಸಿದಳು.

ಇವತ್ತು ಬೆಳಕು ಹರಿಯುವಾಗಲೇ ನಾನೂ ಚೊಂಬು ತಗೊಂಡು ಹೋದೆ. ಗೂಟದ ಇಪ್ಪತ್ತು ಗಿಡ, ಆಮೇಲೆ ಉಳಿದ ಸಾಲು. ಎಲ್ಲ ಮುಗಿದ ಮೇಲೆ ಗೂಟದ ಗಿಡದಲ್ಲಿ ಉಳಿದದ್ದನ್ನು ಎಣಿಸಿ ನೀಲಿ ಬುಕ್ಕಿನಲ್ಲಿ ಬರೆದೆ.

ಬೇರೆ ಔಷಧಿ ಹೊಡೆಯಬಾರದು ಎಂದರೇ ಹೊರತು ಕೈಯಲ್ಲಿ ಕೀಳಬಾರದು ಎಂದು ಯಾರೂ ಹೇಳಿಲ್ಲ. ಈಗಿನವರಿಗೆ ಹುಳವನ್ನು ಕೈಯಲ್ಲಿ ಕೀಳುತ್ತಾರೆ ಎಂಬುದೇ ಗೊತ್ತಿಲ್ಲ. ನಾನು ಸುಳ್ಳನ್ನೂ ಬರೆದಿಲ್ಲ. ಎಷ್ಟು ಉಳಿದಿತ್ತೋ ಅಷ್ಟೇ ಬರೆದಿದ್ದೇನೆ.

ಗೂಟದ ಗಿಡಗಳಲ್ಲಿ ಕಿತ್ತದ್ದು ೬೪, ಬುಕ್ಕಿಗೆ ೧೧. ಹೊಗೆಸೊಪ್ಪಿನ ಕಡ್ಡಿ ಎಣಿಸಿ ಎಣಿಸಿ ಬಂದ ಅಭ್ಯಾಸ, ಎಣಿಸದೆ ಏನನ್ನೂ ಎಸೆಯಲಾರೆ. ಕಿತ್ತದ್ದರ ಲೆಕ್ಕ ಇಲ್ಲಿರಲಿ.

ಜುಲೈ ೨೪, ಗುರುವಾರ. ಕಿತ್ತದ್ದು ೨೯, ಬುಕ್ಕಿಗೆ ೧೦.
ಜುಲೈ ೨೫, ಶುಕ್ರವಾರ. ೩೩, ೯.
ಜುಲೈ ೨೬, ಶನಿವಾರ. ೩೬, ೧೨. ಹೊಸ ಮೊಟ್ಟೆ ಒಡೆದಿವೆ.
ಜುಲೈ ೨೭, ಭಾನುವಾರ. ೪೧, ೮. ಮಳೆ, ಸೀರೆ ಮೊಳಕಾಲುದ್ದ ಕೆಸರು.
ಜುಲೈ ೨೮, ಸೋಮವಾರ. ೩೮, ೮.

ಜುಲೈ ೨೯, ನಾಗರ ಪಂಚಮಿ

ತನಿ ಎರೆದು ಬಂದ ಮೇಲೆ ಹೊಲಕ್ಕೆ ಹೋದೆ. ಕಿತ್ತದ್ದು ೪೦, ಬುಕ್ಕಿಗೆ ೭. ಸಂಜೆ ಎರಡನೆಯ ಸಿಂಪಡಣೆ.

ಆತಿಕಾ ಮೇಡಂ ನನ್ನ ಬುಕ್ಕು ತಿರುವಿ ನೋಡಿ, ಒಂದು ಕಡೆಯೂ ಹೊಡೆದು ಬರೆದಿಲ್ಲ ಎಂದು ಖುಷಿಪಟ್ಟರು. ನಾನು ಸ್ಪಂದನಾಳ ಮುಖ ನೋಡಿದೆ. ಅವಳ ಬುಕ್ಕಿನಲ್ಲಿ ಇನ್ನೂ ಐವತ್ತರ ಮೇಲೆಯೇ ಇತ್ತು. ಸಾಯುವವರೆಗೂ ಮರಿ ಮರಿಯೇ, ತಿನ್ನಲಿ ಬಿಡಲಿ, ಬದುಕಿದ್ದರೆ ಎಣಿಸಬೇಕು. ಬುಕ್ಕಿನಲ್ಲಿ ಸಂಖ್ಯೆಗೆ ಮಾತ್ರ ಜಾಗವಿದೆ. ಹೊಟ್ಟೆ ತಣ್ಣಗಾಯಿತು ಎಂದು ಬರೆದರೆ ಸುಳ್ಳಲ್ಲ.

ಹೊರಡುವಾಗ ಸ್ಪಂದನಾ ನನ್ನ ಬೆರಳು ನೋಡಿದಳು. ಮರಿಗಳನ್ನು ಒತ್ತಿದರೆ ಹಳದಿ ರಸ ಬರುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ.

“ಏನಕ್ಕ, ಅರಿಶಿನ ಕುಟ್ಟುದ್ರಾ?”

“ಊಂ ಕಣವ್ವ. ವರಮಾಲಕ್ಷ್ಮಿ ಹಬ್ಬ ಬಂತಲ್ಲ.”

ಆಗಸ್ಟ್ ೨, ಶನಿವಾರ

ನಡುವಿನ ದಿನಗಳ ಲೆಕ್ಕ: ೪೪–೬, ೩೯–೯, ೪೨–೭. ಇವತ್ತು ೪೫, ಬುಕ್ಕಿಗೆ ೬.

ಬೆನ್ನು ಎತ್ತಲಾಗುತ್ತಿಲ್ಲ. ಊಟ ಮಾಡುವಾಗ ಕೈ ನಾರುತ್ತದೆ. ಯಜಮಾನರು ಮೂಗು ಸಿಂಡರಿಸಿ, “ಅದೇನೇ ಅದು, ಹುಳ ಹೊಸಕ್ದಂಗೆ ವಾಸ್ನೆ?” ಎಂದರು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಹೊಗೆಯಲ್ಲಿ ಮುಳುಗಿ ಬಂದವರಿಗೂ ಅದು ಗೊತ್ತಾಗಿದೆ. ನಾನು ಮೂಲಂಗಿ ಸಾರು ಎಂದೆ.

ಆಗಸ್ಟ್ ೬, ಬುಧವಾರ

ಸ್ಪಂದನಾ ಮೂರು ದಿನದಿಂದ ಜ್ವರದಲ್ಲಿ ಮಲಗಿದ್ದಾಳೆ. ಕೀಲು ಕೀಲು ನೋವು, ಎದ್ದು ಕೂರಲಾರಳು. ಆದರೂ ಸೋಮವಾರ, ಮಂಗಳವಾರ ಗೋಡೆ ಹಿಡಿದುಕೊಂಡು ಹೊಲಕ್ಕೆ ಹೋಗಿ ಎಣಿಸಿ ಬಂದಿದ್ದಾಳೆ. ಇವತ್ತು ಆಗಲಿಲ್ಲ. ಬುಕ್ಕು ಕೊಟ್ಟು ನನ್ನ ಬಾಗಿಲಿಗೆ ಅತ್ತೆಯನ್ನು ಕಳಿಸಿದಳು.

“ಒಂದ್ ನಾಕ್ ದಿನ ನೀನೇ ಎಣ್ಸಿ ಬರಿಯವ್ವ. ಅವ್ಳು ಬುಕ್ಕು ಬುಕ್ಕು ಅಂತ ಬಡ್ಕೋತಾವ್ಳೆ.”

ಅವಳ ಬುಕ್ಕು ನನ್ನ ಕೈಯಲ್ಲಿ. ನಲವತ್ತೆಂಟರ ಜಾಗದಲ್ಲಿ ಎಪ್ಪತ್ತೆಂಟು ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ. ಹೊಲದಲ್ಲಿ ನಿಂತು ಅದನ್ನು ಯೋಚಿಸಿದೆ, ಇಲ್ಲ ಎನ್ನುವುದಿಲ್ಲ. ಬರೆಯುವಾಗ ಕೈ ನಲವತ್ತೆಂಟೇ ಬರೆಯಿತು. ಮರಿಗಳು ನಿನ್ನೆ ಇದ್ದ ಎಲೆಯಲ್ಲೇ ಇವೆ. ಐದನೆಯ ಗೂಟದ ಗಿಡದಲ್ಲಿ ಏಳಿದ್ದ ಜಾಗದಲ್ಲಿ ನಾಲ್ಕಿವೆ, ಮೂರು ಒಣಗಿ ಎಲೆಗೆ ಅಂಟಿವೆ. ಬದುಕಿರುವವು ಎರಡು ವಾರವಾದರೂ ಅಷ್ಟೇ ಗಾತ್ರ. ಪಕ್ಕದಲ್ಲಿ ಹೊಸದಾಗಿ ಹುಟ್ಟಿದವು ಸ್ವಲ್ಪ ಕೆರೆದು ನಿಲ್ಲಿಸಿವೆ.

ನನ್ನದು: ಕಿತ್ತದ್ದು ೪೭, ಬುಕ್ಕಿಗೆ ೫.

ಆಗಸ್ಟ್ ೭, ಗುರುವಾರ

ಅತ್ತೆ ಮೂರು ವರ್ಷದ ಮೇಲೆ ನನ್ನ ಅಡುಗೆಮನೆಯಲ್ಲಿ ಕೂತು ಉಂಡರು. ಎರಡು ಸಲ ಸಾರು ಹಾಕಿಸಿಕೊಂಡರು. ಆ ಕಡೆಗೂ ಗಂಜಿ ನಾನೇ ಕೊಟ್ಟು ಬಂದೆ. ಸ್ಪಂದನಾಳ ತುಟಿ ಒಡೆದಿದೆ, ತುಪ್ಪ ಸವರಲು ಹೇಳಿದೆ.

ಕೈ ತೊಳೆಯುವಾಗ ತಡೆಯಲಾರದೆ ಕೇಳಿಯೇಬಿಟ್ಟೆ. “ಅಲ್ಲತ್ತೆ, ನನ್ ಕೈ ಊಟ ಬ್ಯಾಡ ಅಂತ ಅಲ್ವಾ ಆ ಕಡೆ ಹೋಗಿದ್ದು?”

ಅತ್ತೆ ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು.

“ನಿನ್ ಮನೆ ನಾನಿಲ್ದಿದ್ರೂ ನಡೀತದೆ ಕಣವ್ವ. ಆ ಮಗಿಗೆ ಅನ್ನದ್ ನೀರು ಬಸಿಯಕ್ಕೂ ಬರ್ತಿರ್ಲಿಲ್ಲ. ಅದ್ಕೆ ಆ ಕಡೆ ವೋದೆ. ಅದ್ನೂ ಯೋಳ್ಬೇಕಾ?”

ಹೇಳಬೇಕಿತ್ತು.

ಆಗಸ್ಟ್ ೧೦, ಭಾನುವಾರ

೪೬, ೬. ಅತ್ತೆ ಬೆಳಿಗ್ಗೆ ಹೊಲಕ್ಕೆ ಬಂದು ಬದುವಿನ ಮೇಲೆ ನಿಂತಿದ್ದರು. ನಾನು ತಲೆ ಎತ್ತುವ ಹೊತ್ತಿಗೆ ಚೊಂಬು ನೋಡಿಯಾಗಿತ್ತು.

“ನಿಮ್ಮವ್ವ ಕೀಳ್ತಿದ್ದಂಗೇ ಕೀಳ್ತಿದೀಯ,” ಎಂದರು. ಅಷ್ಟೇ ಹೇಳಿ ಹೋದರು.

ಆಗಸ್ಟ್ ೧೨, ಮಂಗಳವಾರ

ಮೂರನೆಯ ಸಿಂಪಡಣೆ. ಸ್ಪಂದನಾ ಎದ್ದು ಬಂದಿದ್ದಳು, ಗಾಳಿ ಬೀಸಿದರೆ ಬೀಳುವ ಹಾಗಿದ್ದಾಳೆ. ಬುಕ್ಕು ಕೊಟ್ಟೆ. ಪುಟ ನೋಡಿ, “ಎಷ್ಟ್ ಚೆನ್ನಾಗ್ ಬರ್ದಿದೀರ ಅಕ್ಕ” ಎಂದಳು. ನನಗೆ ಖುಷಿಯಾಗಬಾರದಿತ್ತು, ಆಯಿತು.

ಆತಿಕಾ ಮೇಡಂ ಸಪ್ಪಗಿದ್ದರು. ಅಂತರಸಂತೆಯ ತಾಕನ್ನು ಆನೆ ತುಳಿದುಹಾಕಿದೆ. ಕೆ.ಆರ್. ನಗರದವರು ಹುಳ ಸಾಯುವುದು ತಡವಾಯಿತು ಎಂದು ಎರಡೂ ತಾಕಿಗೆ ಅಂಗಡಿ ಔಷಧಿ ಹೊಡೆದುಬಿಟ್ಟಿದ್ದಾರೆ. ಹುಣಸೂರಿನದು ನೀರು ನಿಂತು ಕೊಳೆತಿದೆ.

“ಇನ್ನು ಉಳಿದಿರೋದು ನಿಮ್ಮಿಬ್ರದೇ ಅಮ್ಮ. ನನ್ನ ನಾಲ್ಕು ವರ್ಷದ ಓದು ನಿಮ್ಮ ಎರಡು ಬುಕ್ಕಲ್ಲಿದೆ.”

ನಾನು ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೆ.

ಆಗಸ್ಟ್ ೧೩, ಬುಧವಾರ

ಇವತ್ತು ಕೀಳಬಾರದು ಎಂದುಕೊಂಡು ಹೋದೆ. ಬದುವಿನಾಚೆ ಅವಳ ತಾಕು ಕಂಡಿತು, ನಳನಳಿಸುತ್ತಿತ್ತು. ಕಿತ್ತದ್ದು ೪೯, ಬುಕ್ಕಿಗೆ ೫.

ಆಗಸ್ಟ್ ೨೬, ಗೌರಿ ಹಬ್ಬ

ಈ ಹದಿಮೂರು ದಿನದ್ದೂ, ಮೊದಲು ನಡುವೆ ಬಿಟ್ಟ ದಿನಗಳದ್ದೂ ಲೆಕ್ಕ ಪುಸ್ತಕದ ಕೊನೆಯ ಪುಟದಲ್ಲಿ ಅವತ್ತವತ್ತೇ ಬರೆದಿದ್ದೇನೆ, ಒಂದು ದಿನವೂ ಬಿಟ್ಟಿಲ್ಲ. ಮಾತು ಬರೆಯಲು ಮನಸ್ಸಾಗಲಿಲ್ಲ.

ಸ್ಪಂದನಾ ಬಾಗಿನ ತಂದಳು. ಮೊದಲ ಬಾಗಿನ ನನಗಂತೆ. ಮೊರ ಸೆರಗಿನಲ್ಲಿ ಮುಚ್ಚಿ ಕೊಟ್ಟು ಕಾಲಿಗೆ ಬಿದ್ದಳು. ನನ್ನ ಕೈಗೆ ಅರಿಶಿನ ಹಚ್ಚುವಾಗ ಬೆರಳು ಹಿಡಿದು, “ನಿಮ್ಗೆ ಹಚ್ಚೋದೇ ಬ್ಯಾಡ ಅಕ್ಕ, ಮೊದ್ಲೇ ಅರಿಶಿನದ ಕೈ” ಎಂದು ನಕ್ಕಳು.

ಜ್ವರದಲ್ಲಿ ನಾನು ಗಂಜಿ ತಂದದ್ದು, ಬುಕ್ಕು ಬರೆದದ್ದು, ಎಲ್ಲವನ್ನೂ ಆತಿಕಾ ಮೇಡಂಗೆ ಹೇಳಿದ್ದಾಳಂತೆ. ಆ ಕೆಲಸ ಅಕ್ಕನಿಗೇ ಕೊಡಿ ಎಂದೂ ಹೇಳಿದ್ದಾಳಂತೆ. ಹೀಗೆ ಒಳ್ಳೆಯವಳಾಗಿಬಿಟ್ಟರೆ ನಾನು ಏನು ಮಾಡಬೇಕು? ಅದರಲ್ಲೂ ಅವಳೇ ಮುಂದೆ.

ಬಾಗಿನ ಕೊಡುವಾಗ ಅವಳ ಬಳೆ ಮೊಳಕೈವರೆಗೂ ಜಾರಿತು. ನಾಳೆ ಕಡುಬಿನ ಜೊತೆ ಒಂದು ಲೋಟ ಹಾಲು ಕಳಿಸಬೇಕು, ತುಂಬ ಇಳಿದಿದ್ದಾಳೆ.

ಸೆಪ್ಟೆಂಬರ್ ೨, ಮಂಗಳವಾರ

ಲಕೋಟೆ ಒಡೆದರು. ಸ್ಪಂದನಾಳ ಜಗಲಿಯಲ್ಲಿ, ನಾವಿಬ್ಬರೂ ಎದುರಿಗೆ.

ಹಳದಿ ಮುಚ್ಚಳದ್ದು ಔಷಧಿ, ಕೆಂಪಿನದು ನೀರು. ನಾನು ಜುಲೈನಲ್ಲೇ ಬರೆದಿಟ್ಟದ್ದು ಸರಿಯಾಗಿತ್ತು. ಅದಕ್ಕೆ ಒಂದು ನಿಮಿಷ ಹೆಮ್ಮೆಯೂ ಆಯಿತು.

ಆತಿಕಾ ಮೇಡಂ ಎರಡೂ ಬುಕ್ಕು ಪಕ್ಕಪಕ್ಕ ಇಟ್ಟುಕೊಂಡು ತುಂಬ ಹೊತ್ತು ನೋಡಿದರು. ನೀರು ಹೊಡೆದ ತಾಕಿನಲ್ಲಿ ಐದು, ಆರು, ಏಳು. ಔಷಧಿ ಹೊಡೆದದ್ದರಲ್ಲಿ ನಲವತ್ತು, ಮೂವತ್ತೈದು. ಎಲೆ ಎರಡರಲ್ಲೂ ಹಸಿರು.

“ನೀರೇ ವಾಸಿ ಅಂತಾಯ್ತು,” ಎಂದರು. ನಗಲು ನೋಡಿದರು, ಬರಲಿಲ್ಲ. ಇದನ್ನು ತೋರಿಸಿದರೆ ಮುಂದಿನ ವರ್ಷಕ್ಕೆ ಯಾರೂ ಅನುಮತಿ ಕೊಡುವುದಿಲ್ಲವಂತೆ. ಔಷಧಿ ಇಲ್ಲಿಗೆ ಮುಗಿಯಿತಂತೆ. ಅಂದಮೇಲೆ ಆ ಕೆಲಸವೂ ಇಲ್ಲ, ನನಗೂ ಇಲ್ಲ, ಅವಳಿಗೂ ಇಲ್ಲ.

ಆಮೇಲೆ, “ಎಲ್ಲಾದ್ರೂ ಎಣಿಕೆ ತಪ್ಪಿರಬಹುದಾ?” ಎಂದು ಕೇಳಿದರು. ಕೇಳಿದ್ದು ನನ್ನನ್ನಲ್ಲ. ನನ್ನ ಬುಕ್ಕಿನಲ್ಲಿ ಒಂದು ದಿನವೂ ತಪ್ಪಿಲ್ಲ, ಒಂದು ಸಂಖ್ಯೆಯೂ ಅಲುಗಾಡಿಲ್ಲ. ಸ್ಪಂದನಾಳದರಲ್ಲಿ ಜ್ವರದ ದಿನಗಳಲ್ಲಿ ಅಕ್ಷರ ಸೊಟ್ಟಗಿದೆ.

“ನಂದೇ ತಪ್ಪಿರ್ಬೇಕು ಮೇಡಂ. ಕಣ್ಣು ಮಂಜಾಗ್ತಿತ್ತು. ಒಂದನ್ನೇ ಎರಡು ಸಲ ಎಣಿಸಿದೀನೋ ಏನೋ,” ಎಂದು ಸ್ಪಂದನಾ ಅತ್ತಳು.

ನಾನು ಅಲ್ಲೇ ಕೂತಿದ್ದೆ. ಎರಡು ತಿಂಗಳಿಂದ ಅವಳು ಸೋಲಲಿ ಎಂದೇ ಕಾದಿದ್ದೆ, ಸೋತಳು. ಕಾಫಿ ಲೋಟ ಒಳಗಿಟ್ಟು ಮನೆಗೆ ಬಂದೆ.

ಸೆಪ್ಟೆಂಬರ್ ೩, ಬುಧವಾರ

ಅವಳ ಎಣಿಕೆ ತಪ್ಪಿಲ್ಲ. ನನಗಿಂತ ಚೆನ್ನಾಗಿ ಅದು ಯಾರಿಗೂ ಗೊತ್ತಿಲ್ಲ. ಅವಳ ಗಿಡ, ಅವಳ ಎಲೆ, ಅವಳ ಹುಳ, ಎಲ್ಲವನ್ನೂ ಹೊಟ್ಟೆಯೊಳಗೆ ಕೆಂಡ ಇಟ್ಟುಕೊಂಡು ನೋಡಿದ್ದೇನೆ. ಔಷಧಿ ಕೆಲಸ ಮಾಡಿದೆ. ಅದನ್ನು ಕೊಂದದ್ದು ನನ್ನ ಚೊಂಬು.

ಅತ್ತೆ ಹಿತ್ತಲಿನಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಪಕ್ಕದಲ್ಲಿ ಕೂತೆ.

“ನಾನೇನೂ ಯಾರ್ಗೂ ಯೋಳಕ್ಕಿಲ್ಲ ಬುಡು,” ಎಂದರು, ನಾನು ಕೇಳದೆಯೇ. ಇನ್ನೊಂದು ಕಂತೆ ಬಿಚ್ಚುತ್ತಾ, “ಆ ಮಗು ನೆನ್ನೆಯಿಂದ ಉಂಡಿಲ್ಲ,” ಎಂದರು.

ಮಧ್ಯಾಹ್ನ ಒಂದು ಬಿಳಿ ಹಾಳೆ ತಗೊಂಡು ಕಿತ್ತ ಮರಿಗಳ ಲೆಕ್ಕವನ್ನಷ್ಟೇ ತಾರೀಖಿನ ಜೊತೆ ನಕಲು ಮಾಡಿದೆ. ನೀಟಾಗಿ ಬಂತು. ಗಿಡ ಕಿತ್ತು ಹೂಳಿಸಲು ನಾಳೆ ಆತಿಕಾ ಮೇಡಂ ಬರುತ್ತಾರೆ. ಈ ಹಾಳೆ ಕೊಟ್ಟು ಕೈಮುಗಿದುಬಿಡುತ್ತೇನೆ. ಈ ಪುಸ್ತಕ ಒಲೆಗೆ.

ಸೆಪ್ಟೆಂಬರ್ ೪, ಗುರುವಾರ

ಬೆಳಿಗ್ಗೆ ಹೊಲದಲ್ಲಿ ಆತಿಕಾ ಮೇಡಂ ಒಬ್ಬರೇ ಇದ್ದಾಗ ಹಾಳೆ ಕೊಟ್ಟೆ, ಎಲ್ಲವನ್ನೂ ಹೇಳಿದೆ. ಗುದ್ದಲಿ ಹಿಡಿದಿದ್ದ ಆಳುಗಳನ್ನು ಅವರು ನಿಲ್ಲಿಸಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಕೆಂಪಗಾದರು, ದೂರ ಹೋಗಿ ನಿಂತರು, ತಿರುಗಿ ಬಂದರು.

“ಇದು ನಿನ್ನೆ ಬರೆದ ಹಾಳೆ ಅಮ್ಮ. ಇದನ್ನ ಯಾರು ನಂಬ್ತಾರೆ? ಅವತ್ತವತ್ತೇ ಬರೆದಿದ್ದು ಎಲ್ಲಿದೆ?”

“ಒಂದ್ ಪುಸ್ತಕದಲ್ಲದೆ.”

“ಅದು ಬೇಕು.”

“ಅದ್ರಲ್ಲಿ ಬೇರೆದೂ ಅದೆ. ಲೆಕ್ಕ ಇರೋ ಹಾಳೆ ಮಾತ್ರ ಹರ್ದು ಕೊಡ್ತೀನಿ.”

“ಒಂದು ಹಾಳೆ ಹರಿದ್ರೂ ಅದು ದಾಖಲೆ ಅಲ್ಲ. ಇದ್ದ ಹಾಗೇ ಬೇಕು. ಕಿತ್ತಿದ್ದೂ ಉಳಿದಿದ್ದೂ ಸೇರಿಸಿದ್ರೆ ನೀರಿನ ತಾಕಲ್ಲಿ ನಿಜವಾಗಿ ಎಷ್ಟು ಹುಳ ಇತ್ತು ಅಂತ ಕಾಣುತ್ತೆ. ಇದ್ರಿಂದ ಔಷಧಿ ಗೆದ್ದಿತು ಅಂತ ಹೇಳೋಕಾಗಲ್ಲ. ಇನ್ನೊಂದು ಸಲ ಪರೀಕ್ಷೆ ಮಾಡಿ ಅಂತ ಕೇಳೋಕೆ ಸಾಕಾಗಬಹುದು.”

ಆಮೇಲೆ ಕೇಳಿದರು. “ಸ್ಪಂದನಾ ತಾಕಿನ ಹುಳ ತಿಂತಿರ್ಲಿಲ್ಲ ಅಂದ್ರಲ್ಲ, ಅದನ್ನೂ ಬರ್ದಿದೀರಾ?”

ಬರೆದಿದ್ದೇನೆ ಎಂದೆ. ಯಾವ ತಾರೀಖು, ಯಾವ ಗೂಟ, ಎಷ್ಟು ಮರಿ, ಪೊರೆ ಎಲ್ಲಿ ಸಿಕ್ಕಿಕೊಂಡಿತ್ತು, ಎಲ್ಲ ಇದೆ ಎಂದೆ. ಅವರು ಬದುವಿನ ಮೇಲೆ ಕೂತುಬಿಟ್ಟರು.

ಈಗ ಮಧ್ಯಾಹ್ನ. ಆತಿಕಾ ಮೇಡಂ ಆ ಕಡೆಯ ಜಗಲಿಯಲ್ಲಿ ಲ್ಯಾಪ್‌ಟಾಪು ತೆರೆದು ಕೂತಿದ್ದಾರೆ. ಪುಸ್ತಕದಲ್ಲಿರುವುದನ್ನು ಒಬ್ಬರು ಓದಿ ಹೇಳಬೇಕು, ಇನ್ನೊಬ್ಬರು ಒಳಗೆ ಹಾಕಬೇಕು. ಓದುವುದು ಸ್ಪಂದನಾ. ಬರೆದವಳೇ ಓದುವ ಹಾಗಿಲ್ಲವಂತೆ, ಬೇರೆ ಯಾರಿದ್ದಾರೆ? ನಾನು ಕಿತ್ತದ್ದನ್ನು ಮೇಡಂ ಅವಳಿಗೆ ಆಗಲೇ ಹೇಳಿಯಾಗಿದೆ. ಪುಸ್ತಕದಲ್ಲಿ ಇನ್ನೇನಿದೆ ಎಂದು ಅವಳಿಗೆ ಗೊತ್ತಿಲ್ಲ. “ಅಕ್ಕ, ಪುಸ್ತಕ” ಎಂದು ಗೋಡೆಯಾಚೆಯಿಂದ ಎರಡು ಸಲ ಕೂಗಿದ್ದಾಳೆ. ಒಂದು ನಿಮಿಷ ಎಂದು ಹೇಳಿ ಇದನ್ನು ಬರೆಯುತ್ತಿದ್ದೇನೆ.

ಒಲೆ ಪಕ್ಕದಲ್ಲೇ ಇದೆ, ಉರಿಯುತ್ತಿದೆ. ಮುಂದಿನ ವರ್ಷ ಕಾರ್ಡು ಅವಳ ಕೊರಳಿಗೇ ಬೀಳುತ್ತದೆ. ಬೀಳಲಿ ಎಂದು ಸಂತೋಷದಿಂದ ಬರೆಯುವಷ್ಟು ದೊಡ್ಡವಳು ನಾನಲ್ಲ, ಈಗಲೂ ಹೊಟ್ಟೆ ಉರಿಯುತ್ತಿದೆ. ಆದರೆ ಅವಳು ಸರಿಯಾಗಿ ಎಣಿಸಿದ್ದಾಳೆ. ಅದನ್ನು ಹೇಳಬಲ್ಲವಳು ನಾನೊಬ್ಬಳೇ.

ಸ್ಪಂದನಾ, ನಿನ್ನ ತಾಕಿನ ಸಂಗತಿ ಜುಲೈ ೨೧ರ ಪುಟದಲ್ಲಿದೆ. ನೇರ ಅಲ್ಲಿಗೆ ಹೋಗಬೇಡ. ಜುಲೈ ೮ರಿಂದ ಓದು, ಯಾವ ಸಾಲನ್ನೂ ಬಿಡಬೇಡ. ಮುಗಿದ ಮೇಲೆ ಊಟಕ್ಕೆ ಬರುವ ಮನಸ್ಸಿದ್ದರೆ ಬಾ, ಅತ್ತೆಗೆ, ಮೇಡಂಗೆ, ನಿನಗೆ, ಮೂವರಿಗೂ ಮುದ್ದೆ ಮಾಡಿದ್ದೇನೆ.